ವೃದ್ಧಾಶ್ರಮಗಳೂ ಸೇವೆಯೆಂಬ ಶಬ್ದವೂ

ವೃದ್ಧಾಶ್ರಮವೊಂದರ ವಾರ್ಷಿಕೋತ್ಸವಕ್ಕೆ ಹೋಗಿಬಂದ ಸಭ್ಯರು ಸಾಮಾನ್ಯವಾಗಿ ಎರಡು ವಿಷಯಗಳನ್ನು ಹೊಗಳುತ್ತಾರೆ. ಮೊದಲನೆಯದು ಕಟ್ಟಡ, ಎರಡನೆಯದು ಅದನ್ನು ಕಟ್ಟಿಸಿಕೊಟ್ಟ ಮಹನೀಯರ ಔದಾರ್ಯ. ನೆಲಕ್ಕೆ ಹಾಸಿದ ನುಣುಪಾದ ಕಲ್ಲು, ಅಂಗಳದ ತುಳಸಿಕಟ್ಟೆ, ಭಜನಮಂದಿರ, ದಾತೃಗಳ ಹೆಸರುಗಳನ್ನು ಕೆತ್ತಿದ ಅಮೃತಶಿಲೆ, ಇವೆಲ್ಲವೂ ಅವರ ಕಣ್ಣಿಗೆ ಬೀಳುತ್ತವೆ. ವರದಿಯ ವಾಚನವಾಗುತ್ತದೆ, ಹಾರ ತುರಾಯಿಗಳ ವಿನಿಯೋಗವಾಗುತ್ತದೆ, ಲಘೂಪಹಾರದೊಡನೆ ಸಭೆ ಮುಗಿಯುತ್ತದೆ. ಆದರೆ ಅಲ್ಲಿ ನೆರೆದ ನೂರಾರು ಮಂದಿಯೊಳಗೆ ಒಬ್ಬರಾದರೂ ಎದ್ದು ನಿಂತು, “ರಾತ್ರಿ ಎರಡು ಗಂಟೆಯ ಹೊತ್ತಿಗೆ ಈ ಮನೆಯಲ್ಲಿ ಎಚ್ಚರವಾಗಿರುವ ಪರಿಚಾರಕರು ಎಷ್ಟು ಮಂದಿ?” ಎಂದು ಕೇಳಿದ್ದುಂಟೆ? ಈ ಪ್ರಶ್ನೆಯನ್ನು ಕೇಳದೆ ವೃದ್ಧಾಶ್ರಮವನ್ನು ಹೊಗಳುವುದು, ಅಡಿಗೆಯ ಮನೆಯಲ್ಲಿ ಒಲೆ ಉರಿಯುತ್ತಿದೆಯೋ ಇಲ್ಲವೋ ನೋಡದೆ ಛತ್ರವನ್ನು ಹೊಗಳಿದಂತೆ.

ವೃದ್ಧಾಶ್ರಮಗಳು ಇರಬೇಕೆ ಬೇಡವೆ ಎಂಬ ವಾದ ಈ ನಾಡಿನಲ್ಲಿ ಬಹಳ ಕಾಲದಿಂದ ನಡೆದಿದೆ. ಶ್ರವಣಕುಮಾರನ ಕಥೆಯನ್ನು ಹೇಳಿ, ಇಂದಿನ ಮಕ್ಕಳನ್ನು ಬಯ್ದು, ಸಭಿಕರ ಕಣ್ಣಲ್ಲಿ ನೀರು ತರಿಸಿ ಕುಳಿತುಕೊಳ್ಳುವ ಭಾಷಣಕಾರರಿಗೆ ಎಲ್ಲಿಯೂ ಕೊರತೆಯಿಲ್ಲ. ಶ್ರವಣನ ಪಿತೃಭಕ್ತಿ ವಂದನೀಯವೇ ಸರಿ. ಆದರೆ ಅವನಿಗೆ ಕಚೇರಿಗೆ ಹೊತ್ತಾಗುತ್ತಿರಲಿಲ್ಲ. 2011ರ ಜನಗಣತಿಯಲ್ಲಿಯೇ ಭಾರತದಲ್ಲಿ 60 ವರ್ಷ ತುಂಬಿದವರ ಸಂಖ್ಯೆ 10 ಕೋಟಿಯನ್ನು ಮೀರಿತ್ತು. ಅವರಲ್ಲಿ ಮಕ್ಕಳಿಲ್ಲದವರಿದ್ದಾರೆ, ಮಕ್ಕಳು ಬೆಂಗಳೂರಿನಲ್ಲಿಯೋ ಅಮೆರಿಕದಲ್ಲಿಯೋ ನೆಲೆಸಿ, ಹಳ್ಳಿಯ ತೊಟ್ಟಿಮನೆಯಲ್ಲಿ ತಾವೊಬ್ಬರೇ ಉಳಿದವರಿದ್ದಾರೆ, ಮರೆವಿನ ರೋಗ ಹತ್ತಿ ಹಗಲಿರುಳೂ ಕಾವಲು ಬೇಕಾದವರಿದ್ದಾರೆ. ಮನೆಯಲ್ಲಿಯೇ ಇಟ್ಟುಕೊಂಡ ತಂದೆತಾಯಿಗಳ ಶುಶ್ರೂಷೆಯನ್ನೂ ಅನೇಕ ಕುಟುಂಬಗಳಲ್ಲಿ ಮಾಡುತ್ತಿರುವುದು ಮಗನಲ್ಲ, ಸೊಸೆಯೂ ಅಲ್ಲ, ತಿಂಗಳ ಸಂಬಳಕ್ಕೆ ಬಂದ ಆಯಾ. ಆದ್ದರಿಂದ ಇರಬೇಕೆ ಬೇಡವೆ ಎಂಬುದು ಮುಗಿದ ಮಾತು. ಇದ್ದದ್ದು ಹೇಗಿರಬೇಕೆಂಬುದೇ ವಿಚಾರಣೀಯ. ಅದು ಹೇಗಿರುತ್ತದೆಂಬುದು ಕಟ್ಟಡದಿಂದಲ್ಲ, ಭಜನೆಯಿಂದಲ್ಲ, ಧರ್ಮದರ್ಶಿಗಳ ಸದುದ್ದೇಶದಿಂದಲೂ ಅಲ್ಲ. ಅಲ್ಲಿ ಕೆಲಸಮಾಡುವ ಪರಿಚಾರಕರ ಸಂಖ್ಯೆ, ಶಿಕ್ಷಣ, ವಿಶ್ರಾಂತಿ, ಸಂಬಳ, ಇವುಗಳಿಂದ ನಿರ್ಣಯವಾಗುತ್ತದೆ. ಈ ನಾಲ್ಕನ್ನು ಬಿಟ್ಟು ಉಳಿದೆಲ್ಲವನ್ನೂ ವಿಚಾರಿಸುವುದು ಈ ನಾಡಿನ ವಿದ್ಯಾವಂತರ ರೂಢಿಯಾಗಿಬಿಟ್ಟಿದೆ.

ಈ ವಿಷಯದಲ್ಲಿ ಪ್ರಾಚೀನರು ಇಂದಿನ ಆಡಳಿತ ಮಂಡಲಿಗಳಿಗಿಂತ ಹೆಚ್ಚು ವ್ಯವಹಾರಜ್ಞರಾಗಿದ್ದರು. ಚರಕಸಂಹಿತೆಯ ಸೂತ್ರಸ್ಥಾನದಲ್ಲಿ ಚಿಕಿತ್ಸೆಗೆ ನಾಲ್ಕು ಪಾದಗಳನ್ನು ಹೇಳಿದೆ: ವೈದ್ಯ, ಔಷಧದ್ರವ್ಯ, ಪರಿಚಾರಕ, ರೋಗಿ. ವೈದ್ಯನೇ ಪ್ರಧಾನನೆಂದು ಒಪ್ಪಿಕೊಂಡರೂ, ಪರಿಚಾರಕನನ್ನು ವೈದ್ಯನ ಬೆನ್ನ ಹಿಂದಿನ ಆಳೆಂದು ಬಗೆಯದೆ, ಸ್ವತಂತ್ರವಾದ ಒಂದು ಪಾದವೆಂದೇ ಎಣಿಸಿ, ವೈದ್ಯನಿಗೆ ಹೇಳಿದಂತೆ ಅವನಿಗೂ ನಾಲ್ಕು ಗುಣಗಳನ್ನು ವಿಧಿಸಿದೆ. ಅವು ಯಾವುವೆಂದರೆ: ಉಪಚಾರದ ತಿಳಿವಳಿಕೆ, ದಕ್ಷತೆ, ರೋಗಿಯಲ್ಲಿ ಅನುರಾಗ, ಶೌಚ. ಈ ಕ್ರಮವನ್ನು ವಾಚಕರು ಗಮನಿಸಬೇಕು. ಅನುರಾಗಕ್ಕೆ ಮೂರನೆಯ ಸ್ಥಾನ. ತಿಳಿವಳಿಕೆಗೆ ಮೊದಲನೆಯ ಸ್ಥಾನ. “ನಮ್ಮಲ್ಲಿ ಪ್ರೀತಿಯಿಂದ ನೋಡಿಕೊಳ್ಳಲಾಗುವುದು” ಎಂದು ಜಾಹೀರಾತು ಮಾಡುವ ಸಂಸ್ಥೆಗಳು, ನೋಡಿಕೊಳ್ಳುವುದು ಹೇಗೆಂದು ಬಲ್ಲವರು ತಮ್ಮಲ್ಲಿ ಎಷ್ಟು ಮಂದಿಯೆಂಬುದನ್ನು ಹೇಳುವುದಿಲ್ಲ.

ಅದೇ ಸೂತ್ರಸ್ಥಾನದ 15ನೆಯ ಅಧ್ಯಾಯದಲ್ಲಿ ಚಿಕಿತ್ಸೆಗಾಗಿ ಮನೆಯೊಂದನ್ನು ಸಜ್ಜುಗೊಳಿಸುವ ವಿಧಾನವಿದೆ. ಮನೆ ಗಟ್ಟಿಯಾಗಿರಬೇಕು, ಗಾಳಿಯ ಹೊಡೆತವಿಲ್ಲದೆ, ಒಂದು ಕಡೆಯಿಂದ ಗಾಳಿಯಾಡುವಂತಿರಬೇಕು, ನೀರು, ಒರಳು, ಒನಕೆ, ಶೌಚಸ್ಥಾನ, ಸ್ನಾನದ ಮನೆ, ಅಡಿಗೆಮನೆ ಇರಬೇಕು. ಇಷ್ಟನ್ನು ಹೇಳಿ ಗ್ರಂಥಕಾರರು ಲೇಖನಿಯನ್ನು ಕೆಳಗಿಡಲಿಲ್ಲ. ಒಡನೆಯೇ ಆ ಮನೆಯಲ್ಲಿರತಕ್ಕ ಜನರನ್ನು ಎಣಿಸತೊಡಗುತ್ತಾರೆ: ಅನ್ನವನ್ನೂ ತೊವ್ವೆಯನ್ನೂ ಬೇಯಿಸಬಲ್ಲವರು, ಸ್ನಾನ ಮಾಡಿಸುವವರು, ಮೈಯೊತ್ತುವವರು, ಎತ್ತಿ ಕೂರಿಸುವವರು, ಮಲಗಿಸುವವರು, ಔಷಧಗಳನ್ನು ಅರೆಯುವವರು, ಯಾವ ಕೆಲಸಕ್ಕೂ ಮುಖ ಸಿಂಡರಿಸದವರು, ಇವರ ಮೇಲೆ ಹಾಡು, ಕಥೆ, ಪುರಾಣಗಳನ್ನು ಬಲ್ಲವರು. ಇದು ರಾಜನಿಗೋ ಧನಿಕನಿಗೋ ಹೇಳಿದ ವಿಧಿಯೆಂದು ಆಕ್ಷೇಪಿಸಬಹುದು, ಆಕ್ಷೇಪ ನಿಜವೇ. ಆದರೆ ಎದ್ದು ಕೂರಲಾರದ ರಾಜನನ್ನು ಎತ್ತಿ ಕೂರಿಸುವುದಕ್ಕೆ ಎಷ್ಟು ಕೈ ಬೇಕೋ, ಎದ್ದು ಕೂರಲಾರದ ಬಡ ಮುದುಕಿಯನ್ನು ಎತ್ತುವುದಕ್ಕೂ ಅಷ್ಟೇ ಕೈ ಬೇಕು. ದಾರಿದ್ರ್ಯದಿಂದ ದೇಹದ ಭಾರ ಕಡಿಮೆಯಾದೀತು, ಕೈಗಳ ಸಂಖ್ಯೆ ಕಡಿಮೆಯಾಗದು.

ಇನ್ನು ಸ್ವಲ್ಪ ಅಂಕಗಣಿತ. ವಾರಕ್ಕೆ 168 ಗಂಟೆಗಳು. ದಿನಕ್ಕೆ 8 ಗಂಟೆಯಂತೆ ವಾರಕ್ಕೆ 6 ದಿನ ದುಡಿದರೆ ಒಬ್ಬ ಕೆಲಸಗಾರನ ದುಡಿಮೆ 48 ಗಂಟೆ. ಆದುದರಿಂದ ಒಂದೇ ಒಂದು ಸ್ಥಾನದಲ್ಲಿ ಹಗಲಿರುಳೂ ಒಬ್ಬರು ಇರಬೇಕಾದರೆ ಮೂರೂವರೆ ಮಂದಿ ಬೇಕಾಗುತ್ತದೆ. ಕಾಯಿಲೆ, ಹಬ್ಬ, ಊರಿನ ಜಾತ್ರೆ, ಮಗುವಿನ ಜ್ವರ, ಇವಕ್ಕೆಲ್ಲ ರಜಾ ಕೊಟ್ಟರೆ ನಾಲ್ವರೂ ಸಾಲರು. “ನಮ್ಮಲ್ಲಿ ನಾಲ್ವರು ಪರಿಚಾರಕಿಯರಿದ್ದಾರೆ” ಎಂದು ಗೌರವ ಕಾರ್ಯದರ್ಶಿಗಳು ಹೆಮ್ಮೆಯಿಂದ ಹೇಳಿದಾಗ, ಯಾವುದೇ ಒಂದು ಗಳಿಗೆಯಲ್ಲಿ ಕೈಗೆ ಸಿಕ್ಕುವವಳು ಒಬ್ಬಳೇ ಎಂದು ತಿಳಿಯಬೇಕು. ಹಾಗಲ್ಲದೆ ಇಬ್ಬರು ಸಿಕ್ಕುತ್ತಾರೆಂದರೆ, ಅವರು 12 ಗಂಟೆಯ ಪಾಳಿಯಲ್ಲಿ ವಾರದ ಏಳು ದಿನವೂ, ಅಂದರೆ ವಾರಕ್ಕೆ 84 ಗಂಟೆ, ದುಡಿಯುತ್ತಿದ್ದಾರೆಂದು ತಿಳಿಯಬೇಕು. ಮೂರನೆಯ ದಾರಿಯನ್ನು ಗಣಿತ ತೋರಿಸುವುದಿಲ್ಲ.

ರಾತ್ರಿಯ ಲೆಕ್ಕ ಇದಕ್ಕಿಂತ ಕ್ರೂರವಾದುದು. 30 ಮಂದಿ ವೃದ್ಧರಿರುವ ಮನೆಯೊಂದನ್ನು ವಾಚಕರು ಊಹಿಸಿಕೊಳ್ಳಲಿ. ಅವರಲ್ಲಿ 10 ಮಂದಿ ಹಾಸಿಗೆ ಹಿಡಿದವರೆನ್ನೋಣವಾಗಲಿ. ತಾವಾಗಿ ಹೊರಳಲಾರದವರನ್ನು ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಿ ಮಲಗಿಸುವುದು ಶುಶ್ರೂಷೆಯಲ್ಲಿ ನೆಲೆಗೊಂಡ ಪದ್ಧತಿ. ಇಲ್ಲವಾದರೆ ಬೆನ್ನು, ಸೊಂಟ, ಹಿಮ್ಮಡಿಗಳಲ್ಲಿ ಹಾಸಿಗೆಹುಣ್ಣುಗಳೇಳುತ್ತವೆ. ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ತಲೆಗೆ ನಾಲ್ಕು ಸಲದಂತೆ 40 ಸಲ ಮಗ್ಗುಲು ಬದಲಿಸಬೇಕು. ಒದ್ದೆಯಾದುದನ್ನು ತೆಗೆದು, ಒರೆಸಿ, ಬಟ್ಟೆ ಬದಲಿಸಿ ಮಲಗಿಸಲು ಒಂದು ಸಲಕ್ಕೆ 10 ನಿಮಿಷವೆಂದಿಟ್ಟುಕೊಂಡರೂ 400 ನಿಮಿಷಗಳಾದವು. ರಾತ್ರಿಯ ಪಾಳಿಯಲ್ಲಿರುವುದೇ 480 ನಿಮಿಷ. ಮಿಕ್ಕ 80 ನಿಮಿಷಗಳಲ್ಲಿ ಉಳಿದ 20 ಮಂದಿಗೆ ನೀರು ಕೊಡಬೇಕು, ಕೈಹಿಡಿದು ಶೌಚಕ್ಕೆ ಕರೆದೊಯ್ಯಬೇಕು, ದಿಕ್ಕು ತಪ್ಪಿ ಬಾಗಿಲು ತಟ್ಟುವವರನ್ನು ಸಮಾಧಾನಪಡಿಸಬೇಕು: ತಲೆಗೆ ನಾಲ್ಕು ನಿಮಿಷ, ಇಡೀ ರಾತ್ರಿಗೆ! ಭಾರವಾದ ದೇಹವನ್ನು ಗಾಯವಾಗದಂತೆ ಹೊರಳಿಸಲು ಇಬ್ಬರು ಬೇಕೆಂಬುದನ್ನು ಈ ಲೆಕ್ಕದಲ್ಲಿ ಸೇರಿಸಿಯೇ ಇಲ್ಲ.

ಲೆಕ್ಕ ಕೂಡಿಬಾರದ ಕಡೆ ಏನಾಗುತ್ತದೆ? ಪರಿಚಾರಕಿ ತನಗೆ ತೋಚಿದ ಅಡ್ಡದಾರಿಯನ್ನು ಹಿಡಿಯುತ್ತಾಳೆ. ರಾತ್ರಿ ಏಳಬಾರದೆಂದು ಸಂಜೆಯಿಂದಲೇ ಮುದುಕರಿಗೆ ನೀರನ್ನು ಕಡಿಮೆ ಮಾಡುತ್ತಾಳೆ; ಅದರಿಂದ ಮೈಯಲ್ಲಿ ನೀರಿನಂಶ ಬತ್ತಿ, ಮೂತ್ರದ ಸೋಂಕು ತಗಲಿ, ಬುದ್ಧಿ ಕದಡುತ್ತದೆ. ನಡೆಯಬಲ್ಲವರಿಗೂ ಡಯಪರು ಕಟ್ಟುತ್ತಾಳೆ. ನಡೆಯಬಲ್ಲವರು ಕೆಲವು ತಿಂಗಳಲ್ಲಿ ನಡೆಯಲಾರದವರಾಗುತ್ತಾರೆ. ತಾನಾಗಿ ಉಣ್ಣಬಲ್ಲ ಮುದುಕನ ಕೈಯಿಂದ ಚಮಚವನ್ನು ಕಿತ್ತುಕೊಂಡು ಬಾಯಿಗೆ ತುರುಕುತ್ತಾಳೆ; ಏಕೆಂದರೆ ಅವನು ಉಣ್ಣುವುದಕ್ಕೆ ಮುಕ್ಕಾಲು ಗಂಟೆ ಬೇಕು, ತುರುಕುವುದಕ್ಕೆ ಐದು ನಿಮಿಷ ಸಾಕು. ಕರೆದರೂ ಯಾರೂ ಬಾರದಿದ್ದಾಗ ಮುದುಕಿಯೊಬ್ಬಳು ತಾನೇ ಎದ್ದು, ಕತ್ತಲಲ್ಲಿ ಕಾಲು ಜಾರಿ, ತೊಡೆಯ ಮೂಳೆ ಮುರಿದುಕೊಳ್ಳುತ್ತಾಳೆ. ಬೆಳಿಗ್ಗೆ ಬಂದ ಮೇಲ್ವಿಚಾರಕರು “ಈ ಆಯಾಗಳಿಗೆ ಹೃದಯವೇ ಇಲ್ಲ” ಎಂದು ಘೋಷಿಸುತ್ತಾರೆ. ಕೆಲವರು ಹೃದಯವಿಲ್ಲದವರೂ ಇದ್ದಾರು. ಅಂಥವರು ಎಲ್ಲ ವೃತ್ತಿಗಳಲ್ಲಿಯೂ ಉಂಟು. ಆದರೆ ಹೃದಯವಂತಳನ್ನು ಕೂಡ ಕ್ರೂರಳನ್ನಾಗಿ ಮಾಡುವ ಏರ್ಪಾಡನ್ನು ಮಾಡಿದವರು, ಅದನ್ನು ಮಾಡಿದ ಮೇಲೆ ಹೃದಯದ ವಿಚಾರವನ್ನೆತ್ತುವುದು ಅನುಚಿತ.

ಇಲ್ಲಿಗೆ ಸೇವೆಯೆಂಬ ಶಬ್ದದ ಪ್ರವೇಶವಾಗುತ್ತದೆ. “ಇದು ವ್ಯಾಪಾರವಲ್ಲ, ಸೇವೆ, ಸಂಬಳಕ್ಕಾಗಿ ಮಾಡುವುದು ಸೇವೆಯೆನಿಸದು” ಎಂದು ಆಡಳಿತ ಮಂಡಲಿಗಳು ಹೇಳುತ್ತವೆ. ಈ ಶಬ್ದದ ಚರಿತ್ರೆಯನ್ನು ಅರಿತವರು ನಗದೆ ಇರಲಾರರು. ಪೂರ್ವದ ಸ್ಮೃತಿಗಳಲ್ಲಿ ಸೇವೆಯೆಂದರೆ ಹೊಟ್ಟೆಯ ಪಾಡಿಗಾಗಿ ಒಡೆಯನೊಬ್ಬನ ಕೈಕೆಳಗೆ ಮಾಡುವ ಊಳಿಗವೆಂದೇ ಅರ್ಥ. ಮನುಸ್ಮೃತಿಯ ನಾಲ್ಕನೆಯ ಅಧ್ಯಾಯವು ಅದನ್ನು ನಾಯಿಯ ಬಾಳಿಗೆ ಹೋಲಿಸಿ, ಬ್ರಾಹ್ಮಣನಿಗೆ ವರ್ಜ್ಯವೆಂದಿದೆ. ಭಕ್ತಿಮಾರ್ಗವೂ ಆಧುನಿಕ ಕಾಲದ ದೇಶಭಕ್ತಿಯೂ ಆ ಶಬ್ದವನ್ನು ಮೇಲಕ್ಕೆತ್ತಿ, ನಿಸ್ಸ್ವಾರ್ಥವಾದ ಪುಣ್ಯಕಾರ್ಯವೆಂಬ ಅರ್ಥವನ್ನು ಕೊಟ್ಟವು. ಸಂತೋಷ. ಆದರೆ ಶಬ್ದಕ್ಕೆ ದೊರೆತ ಬಡ್ತಿ ಆ ಕೆಲಸವನ್ನು ಮಾಡುವವಳಿಗೆ ದೊರೆಯಲಿಲ್ಲ. ಸಂಬಳ ಕೊಡುವ ಹೊತ್ತಿಗೆ ಅವಳದು ಹೊಸ ಅರ್ಥದ ಸೇವೆ, ಆದುದರಿಂದ ಹೆಚ್ಚು ಕೇಳಬಾರದು. ಮರ್ಯಾದೆ ಕೊಡುವ ಹೊತ್ತಿಗೆ ಹಳೆಯ ಅರ್ಥದ ಸೇವೆ, ಆದುದರಿಂದ ಬಾಗಿಲ ಹೊರಗೆ ನಿಲ್ಲಬೇಕು. ಹೀಗೆ ಎರಡು ಅರ್ಥಗಳಲ್ಲಿಯೂ ಅವಳಿಗೆ ನಷ್ಟ. ಧರ್ಮದರ್ಶಿಗಳಿಗೆ ಎರಡರಲ್ಲಿಯೂ ಲಾಭ. ತಾವು ಮಾಡುವುದು ಸೇವೆಯಾದರೆ ತಾವು ಸಂಬಳ ತೆಗೆದುಕೊಳ್ಳದಿರಬಹುದು. ಅನ್ಯರ ಸಂಬಳವನ್ನು ಕಡಿದು ಸೇವಾಧುರೀಣರೆನಿಸಿಕೊಳ್ಳುವುದು ಪರರ ಹಸುವನ್ನು ದಾನ ಕೊಟ್ಟು ಗೋದಾನದ ಫಲವನ್ನು ಬೇಡಿದಂತೆ. 1948ರಲ್ಲಿಯೇ ಕನಿಷ್ಠ ವೇತನದ ಶಾಸನವನ್ನು ಮಾಡಿದ ದೇಶದಲ್ಲಿ, ಕೂಲಿಗೆ ಒಂದು ತಳವಿದೆಯೆಂಬ ತತ್ತ್ವವು ಪುಣ್ಯಸಂಸ್ಥೆಗಳ ಹೊಸ್ತಿಲಲ್ಲಿ ನಿಂತುಬಿಡಬಾರದು. ಊಟ ವಸತಿಗಳನ್ನು ಕೊಟ್ಟಿದ್ದೇವೆಂಬುದೂ ಉತ್ತರವಲ್ಲ. ಅಲ್ಲಿಯೇ ವಾಸಮಾಡುವವಳು ಇಪ್ಪತ್ತನಾಲ್ಕು ಗಂಟೆಯೂ ಕರೆದಾಗ ಬರತಕ್ಕವಳೆಂಬ ಭಾವನೆ ಆ ವಸತಿಯ ಬಾಡಿಗೆಯನ್ನು ಬಡ್ಡಿಸಹಿತ ವಸೂಲು ಮಾಡಿಕೊಳ್ಳುತ್ತದೆ.

ಪೂರ್ವಪಕ್ಷಗಳು ಇನ್ನೂ ಇವೆ. ಮೊದಲನೆಯದು ಹಣವಿಲ್ಲವೆಂಬುದು. ಕೆಲವು ಸಂಸ್ಥೆಗಳ ಮಟ್ಟಿಗೆ ಇದು ಸತ್ಯ, ಆದರೆ ಪೂರ್ಣಸತ್ಯವಲ್ಲ. ಮಹಡಿಯ ಮೇಲೆ ಮಹಡಿ ಏಳುತ್ತದೆ. ಹಬ್ಬಕ್ಕೂ ಹುಟ್ಟಿದ ದಿನಕ್ಕೂ ಪುಣ್ಯತಿಥಿಗೂ ದಾನಿಗಳು ಬಂದು, ಒಂದೇ ದಿನ ಮೂರು ಬಗೆಯ ಸಿಹಿಯನ್ನು ಬಡಿಸಿ, ಸಕ್ಕರೆಯ ಕಾಯಿಲೆಯವರ ಜತೆಯಲ್ಲಿ ಭಾವಚಿತ್ರ ತೆಗೆಸಿಕೊಂಡು ಹೋಗುತ್ತಾರೆ. ಒಂದು ಹೊತ್ತಿನ ಅನ್ನದಾನಕ್ಕೆ ಇಷ್ಟು ರೂಪಾಯಿಯೆಂಬ ಫಲಕ ಬಾಗಿಲಲ್ಲಿರುತ್ತದೆ. ಒಂದು ರಾತ್ರಿಯ ಜಾಗರಣೆಗೆ ಇಷ್ಟು ರೂಪಾಯಿಯೆಂಬ ಫಲಕ ಏಕಿರಬಾರದು? ಶಿವರಾತ್ರಿಯ ಜಾಗರಣೆಗೆ ಪುಣ್ಯವಿದೆಯೆಂದು ನಂಬಿದ ಜನ, ಹಾಸಿಗೆ ಹಿಡಿದವರ ಬಳಿಯ ಜಾಗರಣೆಗೂ ದತ್ತಿಯನ್ನಿಡಲು ಹಿಂಜರಿಯಲಾರರು. ಅವರನ್ನು ಯಾರೂ ಕೇಳಿಲ್ಲ. ಸಂಬಳಕ್ಕೆ ಶಿಲಾಫಲಕವಿಲ್ಲದಿರುವುದರಿಂದ ಕೇಳುವವರಿಗೂ ಕೊಡುವವರಿಗೂ ಅದರಲ್ಲಿ ರುಚಿಯಿಲ್ಲ.

ಎರಡನೆಯ ಪೂರ್ವಪಕ್ಷ: “ಯಾರೂ ನಿಲ್ಲುವುದಿಲ್ಲ, ಕಲಿಸಿದ ಮೇಲೆ ಮೂರು ತಿಂಗಳಲ್ಲಿ ಬಿಟ್ಟುಹೋಗುತ್ತಾರೆ. ಇಂಥವರ ಮೇಲೆ ಹಣ ಸುರಿದು ಫಲವೇನು?” ಇದು ಕಾರ್ಯವನ್ನು ಕಾರಣವೆನ್ನುವ ಹೇತ್ವಾಭಾಸ. ಅವರು ಬಿಟ್ಟುಹೋಗುತ್ತಾರೆಂದು ಹಣ ಕೊಡದಿರುವುದಲ್ಲ. ಹಣವನ್ನೂ ರಜೆಯನ್ನೂ ಮರ್ಯಾದೆಯನ್ನೂ ಕೊಡದಿರುವುದರಿಂದ ಬಿಟ್ಟುಹೋಗುತ್ತಾರೆ. ಹಾಗೆ ಹೋಗುವವಳೊಡನೆ ಏನು ಹೋಗುತ್ತದೆಂಬುದನ್ನು ಆಡಳಿತಗಾರರು ಎಣಿಸಿದಂತಿಲ್ಲ. ಯಾವ ಮುದುಕಿಗೆ ಎಡಗಿವಿ ಕೇಳಿಸದು, ಯಾರು ಮಾತ್ರೆಯನ್ನು ನುಂಗಿದಂತೆ ಮಾಡಿ ಕೆನ್ನೆಯಲ್ಲಿ ಅಡಗಿಸಿಡುತ್ತಾರೆ, ಯಾರು ನೋವನ್ನು ಹೇಳದೆ ಊಟ ಬಿಡುತ್ತಾರೆ, ಯಾರಿಗೆ ಸಂಜೆಯಾದೊಡನೆ ತೀರಿಹೋದ ಗಂಡನ ನೆನಪಾಗಿ ಗಾಬರಿಯಾಗುತ್ತದೆ: ಈ ವಿದ್ಯೆ ಯಾವ ಪುಸ್ತಕದಲ್ಲಿಯೂ ಇಲ್ಲ, ಅವಳ ತಲೆಯಲ್ಲಿದೆ. ಮೂರು ತಿಂಗಳಿಗೊಮ್ಮೆ ಉಪಾಧ್ಯಾಯರು ಬದಲಾಗುವ ಪಾಠಶಾಲೆಗೆ ಯಾವ ವಿದ್ಯಾವಂತರೂ ತಮ್ಮ ಮಗುವನ್ನು ಕಳುಹಿಸಲಾರರು. ತಾಯಿಯನ್ನು ಮಾತ್ರ ಕಳುಹಿಸಬಹುದೆ?

ಮೂರನೆಯ ಪೂರ್ವಪಕ್ಷ ಶಿಸ್ತಿನದು: ಕ್ಯಾಮೆರಾಗಳನ್ನು ಹಾಕೋಣ, ದಂಡ ವಿಧಿಸೋಣ, ತಪ್ಪು ಮಾಡಿದವರನ್ನು ಆ ಕ್ಷಣವೇ ಹೊರದೂಡೋಣ ಎಂಬುದು. ಕಣ್ಗಾವಲು ಬೇಡವೆಂದು ಯಾರೂ ಹೇಳುವುದಿಲ್ಲ. ಹೊಡೆದವರಿಗೆ, ಕದ್ದವರಿಗೆ ಶಿಕ್ಷೆಯಾಗಲೇಬೇಕು. ಆದರೆ ಹೆದರಿಕೆಯೊಂದನ್ನೇ ಆಡಳಿತವೆಂದು ಭಾವಿಸಿದ ಮನೆಯಲ್ಲಿ ಮೊದಲು ಸಾಯುವುದು ಸತ್ಯ. ಮುದುಕರೊಬ್ಬರು ರಾತ್ರಿ ಬಿದ್ದರೆಂದು ಹೇಳಿದ ಕೂಡಲೆ ಕೆಲಸ ಹೋಗುವುದಾದರೆ, ಪರಿಚಾರಕಿ ಅದನ್ನು ಹೇಳುವುದಿಲ್ಲ. ಎತ್ತಿ ಮಲಗಿಸಿ, ಹೊದಿಸಿ ಸುಮ್ಮನಾಗುತ್ತಾಳೆ. ತಲೆಗೆ ಬಿದ್ದ ಒಳಪೆಟ್ಟು ಬೆಳಗಾಗುವ ತನಕ ಕಾಯುವುದಿಲ್ಲ. ಫ್ಲಾರೆನ್ಸ್ ನೈಟಿಂಗೇಲ್ ಮಹಾಶಯಳು 1859ರಲ್ಲಿ ಪ್ರಕಟಿಸಿದ ಶುಶ್ರೂಷಾಗ್ರಂಥದಲ್ಲಿ ಸಣ್ಣಪುಟ್ಟ ಆಡಳಿತವನ್ನು ಕುರಿತೇ ಒಂದು ಅಧ್ಯಾಯವನ್ನಿಟ್ಟಿದ್ದಾಳೆ. ಮೇಲ್ವಿಚಾರಕಿ ತಾನಿದ್ದಾಗ ನಡೆಯುವ ಕೆಲಸ ತಾನಿಲ್ಲದಾಗಲೂ ನಡೆಯುವಂತೆ ಏರ್ಪಡಿಸಬಲ್ಲಳೆ ಎಂಬುದೇ ಅವಳ ಪರೀಕ್ಷೆಯೆಂಬುದು ಅಲ್ಲಿನ ಸಾರ. ಆ ಏರ್ಪಾಡು ಕ್ಯಾಮೆರಾದಿಂದಾಗದು. ಹಗಲು ಪಾಳಿಯವರು ರಾತ್ರಿ ಪಾಳಿಯವರಿಗೆ ಪ್ರತಿಯೊಬ್ಬರ ಸ್ಥಿತಿಯನ್ನೂ ಹೇಳಿ ಒಪ್ಪಿಸಿಹೋಗುವ ಹದಿನೈದು ನಿಮಿಷ, ಬರೆದಿಡುವ ಒಂದು ದಪ್ಪ ಪುಸ್ತಕ, ತಪ್ಪನ್ನು ಹೇಳಿಕೊಂಡವಳನ್ನು ಬಯ್ಯದೆ ಕೇಳುವ ಒಬ್ಬ ಮೇಲ್ವಿಚಾರಕ, ಇವುಗಳಿಂದ ಆಗುತ್ತದೆ.

ಸರ್ಕಾರ ನೋಡಿಕೊಳ್ಳಲಿ ಎಂಬುದು ಸೋಮಾರಿಗಳ ಸಮಾಧಾನ. ತಂದೆತಾಯಿಗಳ ಹಾಗೂ ಹಿರಿಯ ನಾಗರಿಕರ ಪೋಷಣೆಯನ್ನು ಕುರಿತು 2007ರಲ್ಲಿ ಆದ ಕೇಂದ್ರ ಶಾಸನದ 19ನೆಯ ಪ್ರಕರಣವು, ರಾಜ್ಯಸರ್ಕಾರಗಳು ಜಿಲ್ಲೆಗೆ ಒಂದಾದರೂ ವೃದ್ಧಾಶ್ರಮವನ್ನು ಸ್ಥಾಪಿಸಬಹುದೆಂದೂ, ಅದರಲ್ಲಿ ಕನಿಷ್ಠಪಕ್ಷ 150 ಮಂದಿ ನಿರ್ಗತಿಕ ವೃದ್ಧರಿಗೆ ಸ್ಥಳವಿರಬೇಕೆಂದೂ ಹೇಳುತ್ತದೆ. ‘ಸ್ಥಾಪಿಸಬಹುದು’ ಎಂದಿದೆಯೇ ಹೊರತು ‘ಸ್ಥಾಪಿಸತಕ್ಕದ್ದು’ ಎಂದಿಲ್ಲ. ಆಡಳಿತದ ಯೋಜನೆ, ವೈದ್ಯಕೀಯ ಆರೈಕೆ, ಮನರಂಜನೆ ಇವುಗಳ ಪ್ರಸ್ತಾಪ ಆ ಪ್ರಕರಣದಲ್ಲಿದೆ; ಆ 150 ಮಂದಿಗೆ ಪರಿಚಾರಕರೆಷ್ಟೆಂಬ ಸಂಖ್ಯೆ ಅದರಲ್ಲಿಲ್ಲ. ಇಂಥ ಗೃಹಗಳ ನೋಂದಣಿಯನ್ನೂ ಕನಿಷ್ಠ ಮಟ್ಟಗಳನ್ನೂ ವಿಧಿಸುವ ತಿದ್ದುಪಡಿಯ ವಿಧೇಯಕವೊಂದು 2019ರಲ್ಲಿ ಲೋಕಸಭೆಯ ಮುಂದೆ ಬಂದಿತು. ಅಂಗೀಕಾರವಾಗದೆಯೇ 2024ರಲ್ಲಿ ಆ ಲೋಕಸಭೆಯ ವಿಸರ್ಜನೆಯೊಡನೆ ಬಿದ್ದುಹೋಯಿತು. ಶಾಸನಕ್ಕಾಗಿ ಕಾಯಲು ಹರೆಯದವರಿಗೆ ವ್ಯವಧಾನವಿದ್ದೀತು, ಹಾಸಿಗೆಯಲ್ಲಿರುವವರಿಗಿಲ್ಲ.

ಕಡೆಯದಾಗಿ, ಅತ್ಯಂತ ಅಪ್ರಿಯವಾದ ಮಾತು ವಿದ್ಯಾವಂತ ಮನೆತನಗಳಿಗೇ ಸಲ್ಲತಕ್ಕದ್ದು. ತಾಯಿಯನ್ನು ಸೇರಿಸಲು ಬಂದ ಮಗ ವಿಚಾರಿಸುವುದೇನು? ಲಿಫ್ಟು ಇದೆಯೆ, ಕೋಣೆಗೆ ಗಾಳಿ ಬರುತ್ತದೆಯೆ, ಅಡಿಗೆಗೆ ಈರುಳ್ಳಿ ಹಾಕುತ್ತಾರೆಯೆ, ಅಡಿಗೆಯವರು ಯಾವ ಜನ. ತಾಯಿಯ ಮೈಯನ್ನು ತೊಳೆಯುವವಳ ಹೆಸರನ್ನು ಅವನು ಕೇಳುವುದಿಲ್ಲ. ತಿಂಗಳಿಗೊಮ್ಮೆ ಬಂದಾಗ, ಸೀರೆಯ ಮೇಲೊಂದು ಕಲೆ ಕಂಡರೆ, “ದುಡ್ಡು ಕೊಡುತ್ತಿಲ್ಲವೆ?” ಎಂದು ಅವಳ ಮೇಲೆ ಎಗರಾಡುತ್ತಾನೆ, ಕೊಟ್ಟ ದುಡ್ಡಿನಲ್ಲಿ ಅವಳ ಪಾಲೆಷ್ಟೆಂದು ಕಾರ್ಯದರ್ಶಿಗಳನ್ನು ಕೇಳುವ ಧೈರ್ಯ ಅವನಿಗಿಲ್ಲ. ಮಡಿಯೆಂದೂ ಶೌಚವೆಂದೂ ತಲೆಮಾರುಗಳಿಂದ ಹೇಳಿಕೊಂಡು ಬಂದ ಮನೆತನಗಳೇ, ತಮ್ಮ ಹಿರಿಯರಿಗೆ ಶೌಚವನ್ನು ಉಂಟುಮಾಡುವ ಕೈಗೆ ಬೇರೆ ಲೋಟದಲ್ಲಿ ಕಾಫಿ ಕೊಡುತ್ತವೆ. ಪರಿಚಾರಕನ ಗುಣಗಳಲ್ಲಿ ಶೌಚವನ್ನು ಎಣಿಸಿದ ಶಾಸ್ತ್ರವನ್ನು ಇದಕ್ಕಿಂತ ಹೆಚ್ಚಾಗಿ ಅಲ್ಲಗಳೆಯುವುದು ಸಾಧ್ಯವಿಲ್ಲ. ಮಲಮೂತ್ರವನ್ನು ಮುಟ್ಟಿದ್ದರಿಂದ ಅವಳು ಅಶುಚಿಯಾದಳೆಂದರೆ, ಅದನ್ನು ಮುಟ್ಟದೆ ತಾಯಿಯನ್ನು ಅದರಲ್ಲಿಯೇ ಬಿಟ್ಟುಬಂದ ಮಗ ಯಾವ ಲೆಕ್ಕದಿಂದ ಶುಚಿ?

ಮಾಡತಕ್ಕದ್ದು ಅಸಾಧ್ಯವಾದುದೇನೂ ಅಲ್ಲ. ಪ್ರತಿಯೊಂದು ವೃದ್ಧಾಶ್ರಮವೂ ತನ್ನ ಬಾಗಿಲಲ್ಲಿ, ದಾನಿಗಳ ಹೆಸರಿನ ಪಕ್ಕದಲ್ಲಿಯೇ, ವೃದ್ಧರೆಷ್ಟು, ಹಗಲು ಪಾಳಿಯಲ್ಲಿ ಪರಿಚಾರಕರೆಷ್ಟು, ರಾತ್ರಿ ಪಾಳಿಯಲ್ಲಿ ಎಷ್ಟು ಎಂಬುದನ್ನು ದಿನದಿನವೂ ಬರೆದು ತೂಗುಹಾಕಲಿ. ವಾರಕ್ಕೊಂದು ದಿನದ ಬಿಡುವು, ಬರೆದುಕೊಟ್ಟ ಸಂಬಳ, ಎತ್ತುವ ಹೊರಳಿಸುವ ಉಣಿಸುವ ಕೆಲಸಗಳಲ್ಲಿ ಸರಿಯಾದ ಶಿಕ್ಷಣ, ಈ ಮೂರನ್ನು ಒದಗಿಸಲಾರದ ಸಂಸ್ಥೆ ಇನ್ನೊಂದು ಮಹಡಿಯನ್ನು ಕಟ್ಟದಿರಲಿ. ಹತ್ತು ಮಂದಿಯನ್ನು ಕಡಿಮೆ ಸೇರಿಸಿಕೊಂಡು, ಇರುವವರನ್ನು ಚೆನ್ನಾಗಿ ನೋಡಿಕೊಳ್ಳಲಿ. ದಾನಿಗಳು ಕಟ್ಟಡಕ್ಕೆ ಕೊಡುವುದರಲ್ಲಿ ಅರ್ಧವನ್ನಾದರೂ ಸಂಬಳದ ನಿಧಿಗೆ ಕೊಡಲಿ. ಊರಿನ ಹತ್ತು ಮಂದಿ ಸಭ್ಯರು, ಸ್ತ್ರೀಯರೂ ಸೇರಿ, ಮುಂಚಿತವಾಗಿ ತಿಳಿಸದೆ, ಹೂಹಣ್ಣುಗಳಿಲ್ಲದೆ, ಸರದಿಯಂತೆ ತಿಂಗಳಿಗೊಂದು ರಾತ್ರಿ ಅಲ್ಲಿಗೆ ಹೋಗಿಬರಲಿ; ಹೋದಾಗ ವೃದ್ಧರನ್ನು ಮಾತ್ರವಲ್ಲ, ಪರಿಚಾರಕರನ್ನೂ ಕೂರಿಸಿಕೊಂಡು ಅವರ ಕಷ್ಟವನ್ನು ಕೇಳಲಿ.

ಮುಂದಿನ ವಾರ್ಷಿಕೋತ್ಸವದ ಆಮಂತ್ರಣ ಈ ಜಿಲ್ಲೆಯ ಅನೇಕ ಮನೆಗಳಿಗೆ ಬಂದೇ ಬರುತ್ತದೆ. ಹೋಗುವವರು ಹೋಗಲಿ, ಭಜನೆಯನ್ನು ಕೇಳಲಿ, ಉಪಹಾರವನ್ನೂ ಸ್ವೀಕರಿಸಲಿ. ಆದರೆ ವಂದನಾರ್ಪಣೆಗೆ ಮುಂಚೆ ಒಬ್ಬರಾದರೂ ಎದ್ದು ರಾತ್ರಿ ಎರಡು ಗಂಟೆಯ ಪ್ರಶ್ನೆಯನ್ನು ಕೇಳಲಿ. ಉತ್ತರ ಬರುವ ತನಕ ಕುಳಿತುಕೊಳ್ಳದಿರಲಿ. ಕೇಳಿದವರಿಗೆ ಆ ದಿನ ಸಭೆಯಲ್ಲಿ ಸ್ವಲ್ಪ ಮುಜುಗರವಾದೀತು. ಕೇಳದಿದ್ದುದರ ಮುಜುಗರವನ್ನು ಇಂದು ಅನುಭವಿಸುತ್ತಿರುವವರು ಒದ್ದೆಯ ಹಾಸಿಗೆಯಲ್ಲಿ ಬೆಳಗಾಗುವುದನ್ನು ಕಾಯುತ್ತಿದ್ದಾರೆ. ಅವರಿಗೆ ಸಭೆಗೆ ಬರುವ ಶಕ್ತಿಯಿಲ್ಲ.